ಐದನೇ ಮಹಡಿಗೆ ಮೂವತ್ತು ಪದ

ಸೆಪ್ಟೆಂಬರ್ ೧, ಸೋಮವಾರ

ನಮ್ಮ ಹಾಸ್ಟೆಲಿನ ಲಿಫ್ಟು ನೆಲಮಹಡಿಯಿಂದ ಐದನೇ ಮಹಡಿಗೆ ಹೋಗಲು ಸರಿಯಾಗಿ ಮೂವತ್ತು ಪದ ಹಿಡಿಯುತ್ತದೆ. ಸೆಕೆಂಡಿನ ಲೆಕ್ಕ ಇಲ್ಲಿ ಯಾರಿಗೂ ಗೊತ್ತಿಲ್ಲ, ಪದದ ಲೆಕ್ಕ ಎಲ್ಲರಿಗೂ ಗೊತ್ತು. ಲಿಫ್ಟಿನೊಳಗೆ ಕನ್ನಡಿ ಇರಬೇಕಾದ ಜಾಗದಲ್ಲಿ ಗಾಜಿನ ಬಾಗಿಲಿನ ಪುಟ್ಟ ಚೌಕಟ್ಟಿದೆ. ಪ್ರತಿ ಸೋಮವಾರ ಅದರಲ್ಲಿ ಹೊಸ ಕಥೆ. ಮೂವತ್ತು ಪದ, ಇಪ್ಪತ್ತೊಂಬತ್ತೂ ಅಲ್ಲ, ಮೂವತ್ತೊಂದೂ ಅಲ್ಲ. ಸ್ಟೂಲಿನ ಮೇಲೆ ಕೂತು ಬಟನ್ ಒತ್ತುವ ಲಿಫ್ಟ್ ಆಂಟಿ ಅದನ್ನು ಗಟ್ಟಿಯಾಗಿ ಓದುತ್ತಾರೆ, ಹಿಂದೆ ನಿಂತವರಿಗೆ ಕಾಣುವುದಿಲ್ಲವಲ್ಲ. ಕಥೆ ಮುಗಿಯುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಗಬೇಕು. ಕೆಳಗೆ ಬರೆದವರ ಹೆಸರು ಹಾಕುವ ಪದ್ಧತಿ ಇಲ್ಲ, ರೂಮ್ ನಂಬರ್ ಅಷ್ಟೆ.

ನಾನಿರುವುದು ನಾಲ್ಕನೇ ಮಹಡಿ. ಆದರೂ ದಿನಾ ಐದರವರೆಗೆ ಹೋಗಿ ಮೆಟ್ಟಿಲಿಳಿದು ಬರುತ್ತೇನೆ. ಇಪ್ಪತ್ತನಾಲ್ಕು ಪದಕ್ಕೇ ಇಳಿದುಬಿಟ್ಟರೆ ಉಳಿದ ಆರು ಏನಿರಬಹುದೆಂದು ರಾತ್ರಿಯಿಡೀ ಊಹಿಸುತ್ತಾ ಮಲಗಬೇಕು.

ನನ್ನ ನಂಬರ್ ಆ ಗಾಜಿನೊಳಗೆ ಬರಬೇಕು. ಇಲ್ಲಿಗೆ ಬಂದು ಆರು ವಾರವಾಯಿತು, ಅಟೆಂಡೆನ್ಸ್ ರಿಜಿಸ್ಟರಿಗೆ ಬಿಟ್ಟರೆ ಬೇರೆ ಯಾರಿಗೂ ನಾನು ಗೊತ್ತಿಲ್ಲ. ಬೋರ್ಡಿಂಗ್ ಸ್ಕೂಲಿನಲ್ಲಿ ಹನ್ನೊಂದು ವರ್ಷ ಬಟ್ಟೆಗೆ ಹೊಲಿದ ನಂಬರೇ ನನ್ನ ಹೆಸರಾಗಿತ್ತು. ಆದ್ದರಿಂದ ನಂಬರಿನಲ್ಲಿ ಫೇಮಸ್ ಆದರೂ ನನಗೆ ಅಡ್ಡಿಯಿಲ್ಲ.

ಡೈರಿಯನ್ನು ಕನ್ನಡದಲ್ಲಿ ಬರೆಯುವುದೂ ಅಲ್ಲಿನ ಅಭ್ಯಾಸವೇ. ಮಕ್ಕಳ ಡೈರಿ ತೆಗೆದು ಓದುತ್ತಿದ್ದ ಮೇಟ್ರನ್‌ಗೆ ಕನ್ನಡ ಬರುತ್ತಿರಲಿಲ್ಲ. ಈಗ ಮೇಟ್ರನ್ ಇಲ್ಲ. ಅಭ್ಯಾಸ ಬಿಟ್ಟಿಲ್ಲ.

ಸೆಪ್ಟೆಂಬರ್ ೩, ಬುಧವಾರ

ಗಾಜಿನ ಬಾಗಿಲಿನ ಕೀ ಇರುವುದು ಐದನೇ ಮಹಡಿಯ ಫೈನಲ್ ಇಯರ್ ಅಕ್ಕನ ಹತ್ತಿರ. ಯಾವ ಕಥೆ ಹಾಕಬೇಕೆಂದು ತೀರ್ಮಾನಿಸುವವಳೂ ಅವಳೇ. ಎಲ್ಲರ ಬಾಯಲ್ಲೂ ಕತ್ತರಿ ಅಕ್ಕ. ಬಾಗಿಲು ತಟ್ಟುವ ಮುಂಚೆ ಹೊರಗೆ ನಿಂತು ಏನು ಹೇಳಬೇಕೆಂದು ಮೂರು ಸಲ ಪ್ರಾಕ್ಟೀಸ್ ಮಾಡಿದೆ. ಅಷ್ಟರಲ್ಲಿ ಅವಳೇ ಬಾಗಿಲು ತೆಗೆದು ನನ್ನ ಕೈಯಲ್ಲಿದ್ದ ಕಥೆಯ ಹಾಳೆ ತೆಗೆದುಕೊಂಡಳು.

"ಎಷ್ಟು ಪದ ಇದೆ?"

"ಇನ್ನೂರ ಹದಿನಾಲ್ಕು ಅಕ್ಕ. ಸ್ವಲ್ಪ ಜಾಸ್ತಿ ಆಯ್ತು. ಸಾರಿ."

"ಸ್ವಲ್ಪಾನಾ? ಇದನ್ನ ಓದಿ ಮುಗಿಸೋಕೆ ಲಿಫ್ಟು ಟೆರೇಸು ಒಡ್ಕೊಂಡು ಮೇಲೆ ಹೋಗ್ಬೇಕು." ಓದುತ್ತಾ ಹೋದಳು. "ಅಕ್ಕ, ತಂಗಿ, ರೈಲು, ಬಿರುಗಾಳಿ, ಕಳೆದುಹೋದ ಉಂಗುರ, ಒಬ್ಬ ಡಾಕ್ಟರ್ ಬೇರೆ. ಮದುವೆಗೆ ಹೊರಟ ಬಸ್ ಇದ್ದ ಹಾಗಿದೆ. ಅರ್ಧ ಜನಾನ ಇಳಿಸು."

ಕೆಳಗೆ ಬಂದು ಇಳಿಸಿದೆ. ಉಂಗುರ ಬಿಟ್ಟೆ, ಡಾಕ್ಟರ್ ಬಿಟ್ಟೆ. ಆದರೂ ನಲವತ್ತೆರಡು. ಆಗ ಒಂದು ಐಡಿಯಾ ಹೊಳೆಯಿತು. ಓಡಿ ಬಂದು ನಿಂತು ತಿರುಗಿ ನೋಡಿದಳು ಎಂಬ ಐದನ್ನೂ ಒತ್ತಿ ಒತ್ತಿ ಒಂದೇ ಪದ ಮಾಡಿದೆ. ಇಂಥದೇ ಇನ್ನೂ ಎರಡು ಮಾಡಿದ ಮೇಲೆ ಮೂವತ್ತು! ಮತ್ತೆ ಮೇಲೆ ಹೋದೆ. ಕತ್ತರಿ ಅಕ್ಕ ಪೆನ್ಸಿಲ್ ತೆಗೆದುಕೊಂಡು ಆ ಮೊದಲ ಪದದ ಮಧ್ಯೆ ನಾಲ್ಕು ಗೆರೆ ಎಳೆದಳು.

"ಅಂಟು ಹಾಕ್ಕೊಂಡು ಬಂದಿದ್ದೀಯ. ಎಷ್ಟು ಬೋಗಿ ಜೋಡಿಸಿದ್ರೂ ರೈಲು ಒಂದೇ ಅಂತೀಯಾ? ನಾನು ಬೋಗಿ ಎಣಿಸ್ತೀನಿ."

ನನ್ನ ಕಷ್ಟ ಇವಳಿಗೆ ಹೇಗೆ ಹೇಳುವುದು. ನನ್ನ ತಲೆಗೆ ಕಥೆ ಇಂಗ್ಲಿಷಿನಲ್ಲಿ ಬರುತ್ತದೆ, ಕೈಯಿಂದ ಕನ್ನಡದಲ್ಲಿ ಇಳಿಯುತ್ತದೆ, ಇಳಿಯುವಾಗ ಗಂಜಿ ಹಾಕಿದ ಯೂನಿಫಾರ್ಮಿನ ಹಾಗೆ ಸೆಟೆದು ನಿಲ್ಲುತ್ತದೆ.

ಹೊರಡುವಾಗ ಅಕ್ಕ ಕೇಳಿದಳು, "ರೈಲು ಗೀಲು ಬಿಡು. ನಿನ್ನ ರೂಮಲ್ಲಿ ಏನಿದೆ?"

"ಎರಡು ಮಂಚ."

"ಅಲ್ಲಿಂದ ಶುರು ಮಾಡು."

ಸೆಪ್ಟೆಂಬರ್ ೫, ಶುಕ್ರವಾರ

ಎರಡನೇ ಮಂಚದವಳ ಹೆಸರು ಬಾಗಿಲ ಮೇಲಿನ ಚೀಟಿಯಲ್ಲಿದೆ. ಕರೆಯುವ ಸಂದರ್ಭ ಬಂದಿಲ್ಲವಾದ್ದರಿಂದ ನನ್ನ ಮನಸ್ಸಿನಲ್ಲಿ ಅವಳು ಎದುರು ಮಂಚ. ಆರು ವಾರದಲ್ಲಿ ನಾವಿಬ್ಬರೂ ಆಡಿದ್ದು ಇಷ್ಟು: ಲೈಟ್ ಆರಿಸ್ಲಾ, ಸಾರಿ, ಕಿಟಕಿ ತೆಗೀಲಾ, ಪರವಾಗಿಲ್ಲ, ಸಾರಿ. ಸಾರಿಗಳಲ್ಲಿ ಹೆಚ್ಚಿನವು ನನ್ನವು.

ಇವತ್ತು ಅವಳನ್ನು ಗಮನಿಸಿ ನೋಡಿದೆ. ಕಥೆಗೋಸ್ಕರ. ದಿನಾ ಸಂಜೆ ಆರೂವರೆಗೆ ಅಮ್ಮನಿಗೆ ಫೋನ್ ಮಾಡುತ್ತಾಳೆ.

"ಅಮ್ಮಾ, ಇವತ್ತು ಐದೂ ಜನ ಫ್ರೆಂಡ್ಸ್ ಜೊತೆ ಸಿನಿಮಾಗೆ ಹೋಗಿದ್ದೆ. ಅಳೋ ಸೀನಲ್ಲಿ ಒಬ್ಬಳು ಜೋರಾಗಿ ನಕ್ಕುಬಿಟ್ಳು ಗೊತ್ತಾ? ಮುಂದಿನ ಸಾಲಿನೋರೆಲ್ಲ ತಿರುಗಿ ನೋಡಿದ್ರು... ಅಯ್ಯೋ, ಅವಳು ಹಾಗೇನೇ, ಬಂಗಾರದಂಥ ಹುಡುಗಿ."

ಮಧ್ಯಾಹ್ನ ಎರಡರಿಂದ ಆರರವರೆಗೆ ಅವಳು ಮಂಚದ ಮೇಲೆ ಕೂತು ಕಾಲುಚೀಲಗಳ ಜೋಡಿ ಹುಡುಕುತ್ತಿದ್ದಳು. ನಾನೇ ನೋಡಿದ್ದೇನೆ.

ಆಮೇಲೆ ಯಾವಾಗಿನಂತೆ ಫೋನ್ ಹಿಡಿದು ವರಾಂಡಕ್ಕೆ ಹೋದಳು. ಅಲ್ಲಿ ಏನು ಹೇಳುತ್ತಾಳೋ ಕೇಳಿಸುವುದಿಲ್ಲ. ಬಂದು ಪ್ಲೇಟು ತೆಗೆದುಕೊಂಡು ಒಬ್ಬಳೇ ಮೆಸ್ಸಿಗೆ ಹೋದಳು.

ಕೂತು ಒಂದೇ ಏಟಿಗೆ ಬರೆದೆ. ತಲೆಗೆ ಇಂಗ್ಲಿಷ್ ಬರಲೇ ಇಲ್ಲ. ಮೂವತ್ತೊಂಬತ್ತು!

ಸೆಪ್ಟೆಂಬರ್ ೭, ಭಾನುವಾರ

ಕತ್ತರಿ ಅಕ್ಕ ಓದಿದಳು. ಇನ್ನೊಂದು ಸಲ ಓದಿದಳು. ನಗಲಿಲ್ಲ, ಬೈಯಲಿಲ್ಲ. ಆಮೇಲೆ ಕೊನೆಯ ಸಾಲಿನ ಮೇಲೆ ಪೆನ್ಸಿಲ್ ಎಳೆದಳು. ಆ ಸಾಲು ಹೀಗಿತ್ತು: "ನಾನೂ ಶಾಲೆಯ ಹಾಸ್ಟೆಲ್‌ನಿಂದ ಹೀಗೇ ಕಾಗದ ಬರೆಯುತ್ತಿದ್ದೆ, ಅವಳದ್ದು ನನಗಿಂತ ಚೆನ್ನಾಗಿದೆ."

"ಒಂಬತ್ತು ಪದ. ಸರಿಯಾಗಿ ಒಂಬತ್ತೇ ಜಾಸ್ತಿ ಇತ್ತು. ನೀನು ಮಧ್ಯೆ ಬಂದು ಯಾಕೆ ನಿಂತ್ಕೋತೀಯ? ಖಾಲಿ ಕುರ್ಚಿಗೇ ಮುಗೀಲಿ."

ಆ ಸಾಲು ನನಗೆ ಇಷ್ಟವಿತ್ತು. ಆದರೆ ಇರಲಿ ಅಕ್ಕ ಎನ್ನಲು ಬಾಯಿ ಬರಲಿಲ್ಲ. "ಥ್ಯಾಂಕ್ಸ್ ಅಕ್ಕ, ಸಾರಿ ಅಕ್ಕ" ಎಂದು ಹೇಳಿ ಬಂದೆ. ಸಾರಿ ಯಾಕೆ ಹೇಳಿದೆನೋ.

ಸೆಪ್ಟೆಂಬರ್ ೮, ಸೋಮವಾರ

ಬಂತು!!! ಕಾಪಿ ಮಾಡಿಡುತ್ತೇನೆ:

"ನನ್ನ ರೂಮ್‌ಮೇಟ್ ದಿನಾ ಸಂಜೆ ಅಮ್ಮನಿಗೆ ಫೋನ್ ಮಾಡುತ್ತಾಳೆ. ತನ್ನ ಐದು ಜನ ಗೆಳತಿಯರ ಸುದ್ದಿ ಹೇಳುತ್ತಾಳೆ. ಆಟ, ಸಿನಿಮಾ, ನಗು. ಫೋನ್ ಇಟ್ಟ ಮೇಲೆ ಒಂದು ಪ್ಲೇಟು ತೆಗೆದುಕೊಂಡು ಒಬ್ಬಳೇ ಊಟಕ್ಕೆ ಹೋಗುತ್ತಾಳೆ. ಮೂಲೆಯ ಮೇಜು. ಐದು ಕುರ್ಚಿ ಖಾಲಿ."

ಕೆಳಗೆ ನಮ್ಮ ನಂಬರ್, ೪೧೨. ಏಳು ಸಲ ಹತ್ತಿ ಇಳಿದೆ. ಆಂಟಿ "ಖಾಲಿ" ಅಂದ ಕೂಡಲೇ ಐದನೇ ಮಹಡಿಯ ಬಾಗಿಲು ಟಣ್ ಎಂದು ತೆರೆಯಿತು. ಎಲ್ಲರೂ ಹೋ ಎಂದು ನಕ್ಕರು. ಒಬ್ಬ ಸೀನಿಯರ್ "ಸೂಪರ್, ಯಾರೇ ಇದು ೪೧೨?" ಎಂದಳು. ನಾನು ಹಿಂದೆ ನಿಂತು ಕಿವಿಯವರೆಗೆ ಬಿಸಿಯಾದೆ.

ಸೆಪ್ಟೆಂಬರ್ ೯, ಮಂಗಳವಾರ

ಮೆಸ್ಸಿನಲ್ಲಿ ಎದುರು ಮಂಚ ಕೂತಿದ್ದ ಮೂಲೆಯ ಮೇಜಿಗೆ ಸೆಕೆಂಡ್ ಇಯರಿನವರು ಎಲ್ಲಿಂದಲೋ ಕುರ್ಚಿಗಳನ್ನು ಎಳೆದು ತಂದು ಸುತ್ತ ಇಟ್ಟರು. ಐದು. "ನಿನ್ನ ಫ್ರೆಂಡ್ಸ್ ಇನ್ನೂ ಬಂದಿಲ್ವಾ? ಟ್ರಾಫಿಕ್ಕಾ?" ಎಂದಳೊಬ್ಬಳು. ಇಡೀ ಮೆಸ್ಸು ನಕ್ಕಿತು.

ನಾನು ನಗಲಿಲ್ಲ. ಅಂದರೆ, ಅರ್ಧ. ಎಲ್ಲರೂ ನಗುವಾಗ ಮುಖ ತಾನೇ ಹಾಗಾಗುತ್ತದೆ.

ಅವಳು ಪ್ಲೇಟು ತೊಳೆದಿಟ್ಟು ಹೋದಳು. ಅನ್ನ ಹಾಗೇ ಇತ್ತು.

ಲಿಫ್ಟಿನಲ್ಲಿ ಇವತ್ತು ಆಂಟಿ ಕಥೆ ಓದಲಿಲ್ಲ. ಯಾರೋ "ಓದಿ ಆಂಟಿ" ಎಂದರೆ "ಕನ್ನಡಕ ಮನೇಲಿ ಮರೆತು ಬಂದಿದೀನಿ ಕಣಮ್ಮ" ಎಂದರು. ಕನ್ನಡಕ ಮೂಗಿನ ಮೇಲೇ ಇತ್ತು. ಪಾಪ, ವಯಸ್ಸಾಯಿತು. ಹೇಳಲು ನನಗೆ ಧೈರ್ಯ ಬರಲಿಲ್ಲ.

ಸೆಪ್ಟೆಂಬರ್ ೧೦, ಬುಧವಾರ

ಸಂಜೆ ಆರೂವರೆಗೆ ಅವಳು ಫೋನ್ ಮಾಡಲಿಲ್ಲ. ಏಳಕ್ಕೆ ಅಮ್ಮನೇ ಮಾಡಿದರು. ವರಾಂಡದಿಂದ ವಾಪಸ್ ಬಂದು ನನ್ನ ಮಂಚದ ಮುಂದೆ ನಿಂತಳು.

"ಕದ್ದು ಕೇಳಿಸ್ಕೊಂಡೆ, ಇರ್ಲಿ. ಬರೆದೆ, ಅದೂ ಇರ್ಲಿ. ಕೆಳಗೆ ರೂಮ್ ನಂಬರ್ ಹಾಕ್ಕೊಂಡೆಯಲ್ಲ, ಅದು ನನ್ನ ರೂಮೂ ಹೌದು ಅಂತ ಒಂದು ಸಲನಾದ್ರೂ ನೆನಪಾಯ್ತಾ?"

"ಕೊನೇಲಿ ಇನ್ನೊಂದು ಸೆಂಟೆನ್ಸ್ ಇತ್ತು, ಆಕ್ಚುಲಿ ಅದರಲ್ಲಿ ನಾನೂ..."

"ಎಲ್ಲಿದೆ?"

"ಕಟ್ ಆಯ್ತು."

"ನಿನ್ನ ಕಟ್ ಆಗಿದ್ದನ್ನ ನಾನೇನು ಮಾಡ್ಲಿ? ಗಾಜಿನೊಳಗೆ ಇರೋದನ್ನ ತಾನೆ ಜನ ಓದೋದು." ಫೋನನ್ನು ತನ್ನ ಮಂಚದ ಮೇಲೆ ಎಸೆದಳು. "ಭಾನುವಾರ ಅಮ್ಮ ಬರ್ತಿದ್ದಾಳೆ. ಐದೂ ಜನಕ್ಕೆ ತಿಂಡಿ ಕಟ್ಕೊಂಡು ಬರ್ತಾಳಂತೆ. ಅವಳಿಗೆ ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ. ಲಿಫ್ಟಲ್ಲೇ ಬರ್ಬೇಕು. ಐದು ಜನ ಇಲ್ಲ ಅಂದ್ರೆ ಹೇಗೋ ತಡ್ಕೋತಾಳೆ. ಅದನ್ನ ಇಡೀ ಲಿಫ್ಟು ನಗ್ತಾ ಇರೋವಾಗ ಓದ್ಬೇಕಾ ಅವಳು?"

ನಾನು ಸಾರಿ ಎಂದೆ. ಇದುವರೆಗೆ ಈ ರೂಮಿನಲ್ಲಿ ಅಷ್ಟೊಂದು ಸಾರಿ ಖರ್ಚು ಮಾಡಿದ್ದೇನೆ, ಬೇಕಾದಾಗ ಅದರಲ್ಲಿ ಏನೂ ಉಳಿದಿರಲಿಲ್ಲ.

ಸೆಪ್ಟೆಂಬರ್ ೧೧, ಗುರುವಾರ

ಕತ್ತರಿ ಅಕ್ಕನ ಬಾಗಿಲನ್ನು ಪ್ರಾಕ್ಟೀಸ್ ಮಾಡದೆ ತಟ್ಟಿದೆ.

"ತೆಗೀಬೇಕು ಅಕ್ಕ."

"ಏಳು ದಿನ ಅಂದ್ರೆ ಏಳು ದಿನ. ಒಂದು ಸಲ ಒಬ್ಬಳ ಮಾತು ಕೇಳಿ ತೆಗೆದ್ವಿ, ಆಮೇಲೆ ವಾರಕ್ಕೊಬ್ಬಳಿಗೆ ಬೇಜಾರು. ಅಲ್ವೇ, ಈ ವರ್ಷ ಬಂದಿದ್ರಲ್ಲಿ ಇದೇ ಬೆಸ್ಟು. ಅದನ್ಯಾಕೆ ಕೆಡಿಸ್ತೀಯ?"

ನಿಜ ಬರೆಯಬೇಕು, ಇಲ್ಲಿ ಯಾರೂ ಓದುವುದಿಲ್ಲ: ಬೆಸ್ಟು ಎಂದಾಗ ಎದೆಯೊಳಗೆ ಬಲ್ಬ್ ಹತ್ತಿತು. ಹೋಗಲಿ ಬಿಡು ಎಂದುಕೊಂಡು ಅರ್ಧ ಮೆಟ್ಟಿಲು ಇಳಿದೂ ಬಂದೆ. ಭಾನುವಾರ ಆಂಟಿಗೆ ಹೇಳಿ ಲಿಫ್ಟಿನ ಲೈಟ್ ಆರಿಸಿಬಿಡಬಹುದಲ್ಲ, ಅಥವಾ ಗಾಜಿಗೆ ನನ್ನ ಟವೆಲ್ ನೇತುಹಾಕಿದರೆ? ಅಲ್ಲಿ ಮೆಟ್ಟಿಲ ಕಂಬಿ ಹಿಡಿದು ನಿಂತಾಗ ಅನ್ನ ಹಾಗೇ ಇದ್ದ ಪ್ಲೇಟು ನೆನಪಾಯಿತು. ಮತ್ತೆ ಹತ್ತಿದೆ.

"ಏನೇ ಮತ್ತೆ?"

"ತೆಗೀದೇ ಇದ್ರೆ ಬದಲಾಯಿಸ್ಬಹುದಾ?"

ಅಕ್ಕ ಪೆನ್ಸಿಲಿನಿಂದ ಕೆನ್ನೆ ಕೆರೆದುಕೊಂಡಳು. "ಬರೆದವಳು ಪದ ತಿದ್ದಬಹುದು. ರೂಲ್ ಇದೆ. ಲೆಕ್ಕ ತಪ್ಪಬಾರದು ಅಷ್ಟೆ."

ಸೆಪ್ಟೆಂಬರ್ ೧೨, ಶುಕ್ರವಾರ

ಕ್ಷಮಿಸು ಎಂಬುದಕ್ಕೆ ಒಂದು ಪದ ಸಾಕು. ಉಳಿದ ಇಪ್ಪತ್ತೊಂಬತ್ತನ್ನು ತುಂಬಿಸಲು ಹೋದರೆ ನಾನೆಷ್ಟು ಒಳ್ಳೆಯವಳು ಎಂದೇ ಬರುತ್ತದೆ. ಹನ್ನೊಂದು ಹಾಳೆ ಹರಿದೆ. ಹಾಳೆ ಹರಿಯುವ ಶಬ್ದಕ್ಕೆ ಎದುರು ಮಂಚ ಗೋಡೆಯ ಕಡೆ ತಿರುಗಿ ಮಲಗಿದಳು.

ಸೆಪ್ಟೆಂಬರ್ ೧೩, ಶನಿವಾರ

ಬೆಳಿಗ್ಗೆ ಕತ್ತರಿ ಅಕ್ಕನಿಗೆ ಕೊಟ್ಟೆ:

"ನಾನು ಶಾಲೆಯ ಹಾಸ್ಟೆಲ್‌ನಿಂದ ಪ್ರತಿ ಭಾನುವಾರ ಮನೆಗೆ ಕಾಗದ ಬರೆಯುತ್ತಿದ್ದೆ. ಅದರಲ್ಲಿ ಐದು ಜನ ಗೆಳತಿಯರು. ಆಟ, ಸಿನಿಮಾ, ನಗು. ಲಕೋಟೆ ಅಂಟಿಸಿ ಒಬ್ಬಳೇ ಊಟಕ್ಕೆ ಹೋಗುತ್ತಿದ್ದೆ. ಈಗ ಈ ರೂಮಿನಲ್ಲಿ ಇಬ್ಬರಿದ್ದೇವೆ. ಎದುರು ಮಂಚದವಳನ್ನು ಇನ್ನೂ ಒಮ್ಮೆಯೂ ಊಟಕ್ಕೆ ಕರೆದಿಲ್ಲ."

"ಪದ ತಿದ್ದು ಅಂದ್ರೆ ಇದೇನೇ ಇದು?"

"ಏಳು ಹಳೇದು ಹಾಗೇ ಇದೆ ಅಕ್ಕ. ಐದು, ಜನ, ಆಟ, ಸಿನಿಮಾ, ನಗು, ಒಬ್ಬಳೇ, ಊಟಕ್ಕೆ."

"ಮನೆ ಕೆಡವಿ ಬಾಗಿಲೊಂದು ಉಳಿಸ್ಕೊಂಡು ರಿಪೇರಿ ಅಂತೀಯ." ಪೆನ್ಸಿಲ್ ತೆಗೆದಳು. ಎಲ್ಲಿ ಗೆರೆ ಎಳೆಯುವುದೆಂದು ಹುಡುಕಿದಳು. "ಮೊದಲನೆಯದು ಚೂಪಾಗಿತ್ತು. ಇದು ಅಷ್ಟು ಚೆನ್ನಾಗಿಲ್ಲ, ತಿಳ್ಕೋ. ಇನ್ಮೇಲೆ ಎಲ್ಲರೂ ನಿನ್ನ ನೋಡಿ ನಗ್ತಾರೆ."

"ಹ್ಞೂಂ."

ಕೀ ತೆಗೆದುಕೊಂಡು ಬಂದು ಗಾಜಿನೊಳಗಿನ ಕಾರ್ಡು ಬದಲಾಯಿಸಿದಳು. ನಮ್ಮಿಬ್ಬರನ್ನೂ ಕರೆದುಕೊಂಡು ಹೋಗುತ್ತಾ ಲಿಫ್ಟ್ ಆಂಟಿ ಹೊಸ ಕಾರ್ಡನ್ನು ನೋಡಿದರು. "ಕನ್ನಡಕ ಸಿಕ್ತು ಕಣಮ್ಮ" ಎಂದು ನನಗೆ ಹೇಳಿ ಓದತೊಡಗಿದರು. ಮಂಗಳವಾರ ಅವರು ಬೇಕೆಂದೇ ಓದಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ನಾನು ನಿಜವಾಗಿಯೂ ದಡ್ಡಿ.

ಮಧ್ಯಾಹ್ನ ಒಂದಕ್ಕೆ ಎದುರು ಮಂಚ ಹೊರಗಿನಿಂದ ಬಂದಳು. ಬ್ಯಾಗ್ ಇಟ್ಟಳು. ನಾನು ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದೆ, ಅದು ಆಮೇಲೆ ತಿಳಿದಿದ್ದು.

"ಏನೇ, ಒಬ್ಬಳನ್ನ ಊಟಕ್ಕೆ ಕರೆಯೋಕೆ ಮೂವತ್ತು ಪದ ಬೇಕಾ ನಿಂಗೆ?"

"ಅಂದ್ರೆ, ನೀನು ಫ್ರೀ ಇದ್ರೆ, ಅಥವಾ ಆಮೇಲಾದ್ರೂ, ಐ ಮೀನ್, ನಿಂಗೆ ಇಷ್ಟ ಇಲ್ದಿದ್ರೆ ಪರವಾಗಿಲ್ಲ, ಆದ್ರೆ..."

"ಬಾ ಅಂದ್ರೆ ಸಾಕು. ಒಂದೇ ಪದ. ನಿನ್ನನ್ನ ಕ್ಷಮಿಸಿಲ್ಲ, ಹಸಿವಾಗಿದೆ ಅಷ್ಟೆ."

ಮೆಸ್ಸಿನಲ್ಲಿ ಸೆಕೆಂಡ್ ಇಯರಿನವರು ನನ್ನನ್ನು ನೋಡಿ "ಲಕೋಟೆ ಬಂದ್ಳು" ಎಂದರು. ಅವಳು ಅವರ ಮೇಜಿನಿಂದ ಒಂದು ಕುರ್ಚಿ ಕೇಳದೆಯೇ ಎಳೆದು ತಂದು "ಕೂತ್ಕೋ ಲಕೋಟೆ" ಎಂದಳು.

ಊಟ ಮಾಡುತ್ತಾ ನಾಳೆಯ ಪ್ಲಾನ್ ಮಾಡಿದೆವು. ಐವರಲ್ಲಿ ನಾನು ಒಬ್ಬಳಾಗುವುದು. ಉಳಿದ ನಾಲ್ವರನ್ನು ಎಲ್ಲಿಗಾದರೂ ಕಳಿಸಬೇಕು. ನಾನು ಒಬ್ಬಳಿಗೆ ಜ್ವರ, ಒಬ್ಬಳಿಗೆ ಹಲ್ಲು ನೋವು, ಒಬ್ಬಳ ಅಜ್ಜಿಗೆ ಸೀರಿಯಸ್ ಎಂದೆ. "ಎಲ್ರನ್ನೂ ಆಸ್ಪತ್ರೆಗೆ ಹಾಕ್ತೀಯಲ್ಲೇ, ಬಿರುಗಾಳಿ ಒಂದು ಬಾಕಿ" ಎಂದಳು. ನಾನು ರೈಲಿನ ಕಥೆ ಹೇಳಿದೆ. ಅವಳಿಗೆ ನೀರು ನೆತ್ತಿಗೇರಿತು. ಕೊನೆಗೆ ನಾಲ್ವರನ್ನೂ ಒಂದು ಆಟದ ಟೂರ್ನಮೆಂಟಿಗೆ ಕಳಿಸಿದೆವು. ಯಾವ ಆಟ ಎಂಬ ವಿಷಯದಲ್ಲಿ ಜಗಳವಾಯಿತು.

ಸೆಪ್ಟೆಂಬರ್ ೧೪, ಭಾನುವಾರ

ಬೆಳಿಗ್ಗೆ ಹತ್ತೂವರೆಗೆ ಅವಳ ಅಮ್ಮ ಬಂದರು. ಸಣ್ಣ ಆಳು, ದೊಡ್ಡ ಬ್ಯಾಗು. ಲಿಫ್ಟಿನಲ್ಲಿ ನಾವು ನಾಲ್ವರೇ. ಆಂಟಿ ಅಭ್ಯಾಸಬಲದಿಂದ ಓದಲು ಶುರು ಮಾಡಿದರು. ಮಗಳು ಅಮ್ಮನನ್ನು ಮಾತಿಗೆಳೆದಳು, ಪ್ರಯಾಣ ಹೇಗಿತ್ತು, ಸೀಟು ಸಿಕ್ಕಿತಾ ಎಂದು. ಅಮ್ಮ ಕೈ ಎತ್ತಿ "ಶ್, ಇರು" ಎಂದರು. ನಾಲ್ಕನೇ ಮಹಡಿಯ ಬಾಗಿಲು ತೆರೆಯಿತು.

"ಇಳಿಯಮ್ಮ," ಎಂದಳು ಮಗಳು.

"ಇನ್ನೂ ಮುಗಿದಿಲ್ವಲ್ಲೇ. ಮೇಲಕ್ಕೆ ಹೋಗಿ ಬರೋಣ ಬಿಡಿ," ಎಂದರು ಆಂಟಿಗೆ.

ಐದನೇ ಮಹಡಿಗೆ ಹೋಗಿ ಕಥೆಯ ಕೊನೆ ಕೇಳಿಸಿಕೊಂಡು, ಇಳಿಯುವಾಗ ಗಾಜಿನ ಹತ್ತಿರ ಹೋಗಿ ಕೆಳಗಿನ ನಂಬರ್ ನೋಡಿದರು.

"ನಿಮ್ಮ ರೂಮಿಂದಲ್ವಾ?"

"ನಾನು ಬರೆದಿದ್ದು ಆಂಟಿ," ಎಂದೆ. ಸಾರಿ ಎನ್ನಲಿಲ್ಲ, ಮರೆತುಹೋಯಿತು.

ಅಮ್ಮ ನನ್ನನ್ನು ಒಮ್ಮೆ ನೋಡಿ ನಾಲ್ಕರಲ್ಲಿ ಇಳಿದರು. ರೂಮಿಗೆ ಬಂದು ಮಗಳ ಮಂಚದ ಮೇಲೆ ಕೂತು ಮಂಡಿ ಒತ್ತಿಕೊಂಡರು. ಮಗಳು ಟೂರ್ನಮೆಂಟಿನ ಕಥೆ ಶುರು ಮಾಡಿದಳು. ನಾನು ನಡುನಡುವೆ ಸೇರಿಸಿದೆ: ಒಬ್ಬಳ ಶೂ ಹರಿದದ್ದು, ಗ್ಲೂ ಹಾಕಿ ಅಂಟಿಸಿದ್ದು, ಬಸ್ಸು ತಪ್ಪಿ ಹೋಗುತ್ತಿದ್ದದ್ದು, ಕ್ಯಾಪ್ಟನ್ ಯಾರಾಗಬೇಕೆಂಬ 'ನೀನಾಗು, ನೀನಾಗು'. ನನ್ನ ಬಾಯಿಂದ ಇಷ್ಟು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಎಷ್ಟು ಹೊತ್ತು ಹೇಳಿದೆನೋ. ಅಮ್ಮ "ಓಹೋ", "ಹೌದಾ", "ಆಮೇಲೆ?" ಎನ್ನುತ್ತಾ ಪ್ರತಿಯೊಂದನ್ನೂ ಕೇಳಿದರು.

ಕೊನೆಗೆ ಬ್ಯಾಗಿಗೆ ಕೈ ಹಾಕಿ ಒಂದು ಡಬ್ಬಿ ತೆಗೆದು ಮಗಳ ಮುಂದೆ ಇಟ್ಟರು. ಇನ್ನೊಂದು ತೆಗೆದು ನನ್ನ ಮುಂದೆ. ಬ್ಯಾಗಿನ ಜಿಪ್ ಹಾಕಿದರು.

ಮಗಳು ಬ್ಯಾಗನ್ನೇ ನೋಡುತ್ತಿದ್ದಳು. "ಅಮ್ಮಾ, ಐದು ಜನಕ್ಕೂ ತರ್ತೀನಿ ಅಂದಿದ್ದೆ?"

"ಅಂದಿದ್ದೆ. ಕಟ್ಟೋಕೆ ಕೂತಾಗ ಯೋಚನೆ ಬಂತು, ಆ ಐದು ಜನಕ್ಕೆ ಹೊಟ್ಟೆ ಇರೋ ಹಾಗೆ ಕಾಣ್ಲಿಲ್ಲ."

ಅಮ್ಮ ನನ್ನ ಡಬ್ಬಿಯ ಮುಚ್ಚಳ ತಾವೇ ತೆಗೆದರು.

"ಆ ಐದೂ ಬಂಗಾರದಂಥ ಹುಡುಗೀರು. ಒಂದು ದಿನ ಜಗಳ ಇಲ್ಲ, ಮುನಿಸಿಲ್ಲ. ಯಾವಾಗ್ಲೂ ನಗು. ಆಮೇಲೆ ಇವಳು ವರಾಂಡಕ್ಕೆ ಬಂದು ನಿನ್ನ ವಿಷಯ ಶುರು ಮಾಡೋಳು ನೋಡು: ಅಮ್ಮಾ, ಎದುರಿನೋಳು ನಿದ್ದೆಯಲ್ಲಿ ಬೆರಳು ಮಡಿಸಿ ಎಣಿಸ್ತಾಳೆ, ಕುರ್ಚಿಗೆ ಕಾಲು ತಾಗಿದ್ರೆ ಕುರ್ಚಿಗೂ ಸಾರಿ ಕೇಳ್ತಾಳೆ, ನನ್ನ ಟವೆಲ್ಲಲ್ಲಿ ಕೈ ಒರೆಸ್ತಾಳೆ, ಮಾತಾಡಿಸಿದ್ರೆ ಏನು ಕಡಿಮೆ ಆಗುತ್ತೆ ಅವಳಿಗೆ, ದಿನಾ ಹತ್ತು ನಿಮಿಷ ಬೈಗುಳ. ಆಗ್ಲೇ ಗೊತ್ತಾಯ್ತು, ಇದೊಂದು ಹುಡುಗಿ ನಿಜ ಅಂತ."

ಎದುರು ಮಂಚ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ, ಭುಜ ನೋಡಿದರೆ ನಗು. ಆಮೇಲೆ ನೋಡಿದರೆ ಎರಡೂ.

"ತಿನ್ನಮ್ಮ," ಎಂದರು ಅಮ್ಮ ನನಗೆ. "ತಿಂದು ಕೈಯನ್ನ ನಿನ್ನ ಟವೆಲ್ಲಲ್ಲೇ ಒರೆಸ್ಕೋ."

ಸೆಪ್ಟೆಂಬರ್ ೧೫, ಸೋಮವಾರ

ಲಿಫ್ಟಿನಲ್ಲಿ ಹೊಸ ಕಥೆ ಬಂದಿದೆಯಂತೆ. ನಾನಿನ್ನೂ ಕೇಳಿಲ್ಲ. ಇವಳ ಜೊತೆ ಬರುತ್ತಿದ್ದೆ, ನಾಲ್ಕಕ್ಕೇ ಇಳಿದುಬಿಟ್ಟೆವು.

ಸಂಜೆ ಮನೆಗೆ ಫೋನ್ ಮಾಡಿದೆ. ಅಮ್ಮ ಯಾವಾಗಿನಂತೆ "ಚೆನ್ನಾಗಿದ್ದೀಯಾ? ಊಟ ಆಯ್ತಾ? ಸರಿ" ಎಂದು ಇಡುವವಳಿದ್ದಳು. ನಾನು, ಇಲ್ಲಮ್ಮ ಸ್ವಲ್ಪ ಇರು, ನನ್ನ ರೂಮ್‌ಮೇಟಿನ ಕಾಟ ಕೇಳಿಸ್ಕೋ ಎಂದೆ. ಕಾಲುಚೀಲಗಳನ್ನು ರೂಮ್ ತುಂಬ ಹರಡುತ್ತಾಳೆ. ನನ್ನ ಡಬ್ಬಿಗೂ ಕೈ ಹಾಕಿದ್ದಾಳೆ, ತನ್ನದು ಮಾತ್ರ ಬೀರುವಿನಲ್ಲಿಟ್ಟಿದ್ದಾಳೆ. ಕಿಟಕಿ ಮುಚ್ಚಲು ಬಿಡುವುದಿಲ್ಲ. ನಾನು ವಾಕ್ಯ ಮುಗಿಸುವ ಮುಂಚೆಯೇ ತಾನೇ ಮುಗಿಸಿಬಿಡುತ್ತಾಳೆ, ಅದೂ ತಪ್ಪಾಗಿ. ಎಲ್ಲರೆದುರಿಗೂ ಲಕೋಟೆ ಲಕೋಟೆ ಎಂದು ಕೂಗುತ್ತಾಳೆ. ಇದನ್ನೆಲ್ಲ ಅವಳು ಮಂಚದ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಾಳೆಂದು ಗೊತ್ತಿದ್ದೂ ಹೇಳಿದೆ, ವರಾಂಡಕ್ಕೆ ಹೋಗಲಿಲ್ಲ. ಮೂವತ್ತೈದು ನಿಮಿಷವಾಯಿತು.

ಅಮ್ಮನ ಸ್ಟವ್ ಮೇಲೆ ಹಾಲು ಉಕ್ಕುವ ಸದ್ದು ನನಗೇ ಕೇಳಿಸಿತು. ಹಾಲಮ್ಮಾ ಎಂದೆ. "ಉಕ್ಕಲಿ ಬಿಡು," ಎಂದಳು, "ಇನ್ನೂ ಏನೇನು ಮಾಡ್ತಾಳೆ ಅವಳು, ಹೇಳು."